ಪುಸ್ತಕ ರಾತ್ರಿ ಓದಬಹುದು, ಬೆನ್ನನ್ನು ಹಗಲಲ್ಲೇ ನೋಡಬೇಕು: ಕೆಲಸದ ಜೊತೆ ಆಸ್ಟಿಯೋಪಥಿ ಪದವಿ

ಬೆನ್ನು ನೋವಿಗೆಂದು ಆಸ್ಟಿಯೋಪಾತ್ (ಮೂಳೆ, ಸ್ನಾಯು, ಕೀಲುಗಳ ನೋವಿಗೆ ಕೈಯಿಂದಲೇ ಚಿಕಿತ್ಸೆ ಕೊಡುವವರು) ಬಳಿ ಹೋದವರಲ್ಲಿ ಹೆಚ್ಚಿನವರು ಬೆನ್ನು ತೋರಿಸಿಕೊಂಡು ಮನೆಗೆ ಬರುತ್ತಾರೆ, ಅಷ್ಟೇ. ಕೆಲವರು ಮಾತ್ರ ತಲೆಗೊಂದು ಹುಳ ಬಿಟ್ಟುಕೊಂಡು ಬರುತ್ತಾರೆ. ‘ಈ ಕೆಲಸ ನಾನೂ ಕಲಿಯಬಹುದಲ್ವಾ?’

ಹೀಗೆ ಕೇಳುವವರು ಸಾಮಾನ್ಯವಾಗಿ ಹದಿನೆಂಟರ ಹುಡುಗರಲ್ಲ. ಹತ್ತು ಹದಿನೈದು ವರ್ಷ ಕುರ್ಚಿಯಲ್ಲಿ ಕೂತು ಸಾಕಾದವರು. ಮನೆ ಸಾಲ ಇದೆ, ಮಕ್ಕಳಿದ್ದಾರೆ, ಕೆಲಸ ಬಿಡುವ ಹಾಗಿಲ್ಲ. ರಾತ್ರಿ ಮೊಬೈಲಿನಲ್ಲಿ ಹುಡುಕಿದರೆ ಒಂದು ಕಡೆ ‘ಪದವಿಯ ಮೇಲೆ ನಾಲ್ಕು ವರ್ಷ’ ಅಂತಿರುತ್ತದೆ. ಇನ್ನೊಂದು ಕಡೆ ‘ಪಾರ್ಟ್‌ಟೈಮ್, ಐದಾರು ವರ್ಷ’. ಮತ್ತೊಂದು ಕಡೆ ‘ಆನ್‌ಲೈನ್ ಸರ್ಟಿಫಿಕೇಟ್, ಕೆಲವೇ ವಾರ’. ಮೂರಕ್ಕೂ ಹೆಸರು ಆಸ್ಟಿಯೋಪಥಿಯೇ. ಗೊಂದಲ ಆಗದೆ ಇನ್ನೇನಾದೀತು?

ಇದನ್ನು ಬುಡದಿಂದ ಬಿಡಿಸೋಣ.

ಒಂದೇ ಹೆಸರು, ಎರಡು ವೃತ್ತಿ

ಆಸ್ಟಿಯೋಪಥಿ ಹುಟ್ಟಿದ್ದು ಅಮೆರಿಕದಲ್ಲಿ. ಆಂಡ್ರ್ಯೂ ಟೇಲರ್ ಸ್ಟಿಲ್ (1828–1917) ಎಂಬ ವೈದ್ಯ ಇದನ್ನು ಶುರುಮಾಡಿದ. 1864ರಲ್ಲಿ ಅವನ ಮೂವರು ಮಕ್ಕಳು ಮೆನಿಂಜೈಟಿಸ್ (ಮೆದುಳಿನ ಪೊರೆಯ ಉರಿಯೂತ) ಬಂದು ತೀರಿಕೊಂಡರು. ಆಗಿನ ಔಷಧಿಗಳೋ, ಪಾದರಸ ಬೆರೆತಂಥವು. ರೋಗಕ್ಕಿಂತ ಔಷಧಿಯೇ ಹೆಚ್ಚು ಕೆಡಿಸುತ್ತಿದ್ದ ಕಾಲ ಅದು. ಮೂಳೆ, ಸ್ನಾಯು, ಕೀಲುಗಳನ್ನು ಕೈಯಿಂದಲೇ ಸರಿಮಾಡಿದರೆ ದೇಹ ತಾನಾಗಿ ಸುಧಾರಿಸಿಕೊಳ್ಳುತ್ತದೆ ಎಂಬ ವಾದವನ್ನು ಸ್ಟಿಲ್ 1874ರಲ್ಲಿ ಮುಂದಿಟ್ಟ. 1892ರಲ್ಲಿ ಮಿಸೌರಿ ರಾಜ್ಯದ ಕರ್ಕ್ಸ್‌ವಿಲ್ ಊರಿನಲ್ಲಿ ಮೊದಲ ಶಾಲೆ ತೆರೆದ. ಗ್ರೀಕ್ ಭಾಷೆಯಲ್ಲಿ ‘ಆಸ್ಟಿಯಾನ್’ ಅಂದರೆ ಮೂಳೆ, ‘ಪಾಥೋಸ್’ ಅಂದರೆ ನೋವು, ಬಾಧೆ. ಹೆಸರು ಬಂದದ್ದು ಅಲ್ಲಿಂದ.

ಅಲ್ಲಿಂದ ಮುಂದೆ ದಾರಿ ಎರಡಾಯಿತು. ಅಮೆರಿಕದಲ್ಲಿ ಆಸ್ಟಿಯೋಪಥಿ ಶಾಲೆಗಳು ನಿಧಾನವಾಗಿ ಪೂರ್ತಿ ವೈದ್ಯಕೀಯ ಕಾಲೇಜುಗಳಾದವು. ಅಲ್ಲಿ ಡಿ.ಒ. (ಡಾಕ್ಟರ್ ಆಫ್ ಆಸ್ಟಿಯೋಪಥಿಕ್ ಮೆಡಿಸಿನ್) ಪದವಿ ಪಡೆದವರು ಎಂ.ಡಿ. ಪಡೆದವರ ಹಾಗೆಯೇ ಡಾಕ್ಟರು. ಔಷಧಿ ಬರೆಯುತ್ತಾರೆ, ಶಸ್ತ್ರಚಿಕಿತ್ಸೆ ಮಾಡುತ್ತಾರೆ. ಅವರು ಮೊದಲು ಒಂದು ಪದವಿ ಮುಗಿಸಿ, ಅದರ ಮೇಲೆ ನಾಲ್ಕು ವರ್ಷ ಪೂರ್ಣಾವಧಿ ಓದಿ, ಆಮೇಲೆ ಆಸ್ಪತ್ರೆಯಲ್ಲಿ ರೆಸಿಡೆನ್ಸಿ, ಅಂದರೆ ವೈದ್ಯರಾಗಿ ದುಡಿಯುತ್ತಲೇ ಪಡೆಯುವ ತರಬೇತಿ, ಮಾಡಬೇಕು. ಕೈಚಿಕಿತ್ಸೆ ಅವರ ಓದಿನ ಒಂದು ಭಾಗ ಮಾತ್ರ. ಬೇರೆ ಕೆಲಸದಲ್ಲಿದ್ದುಕೊಂಡು ಈ ಓದು ಮುಗಿಸುವ ಮಾತೇ ಇಲ್ಲ.

ಅಟ್ಲಾಂಟಿಕ್ ದಾಟಿದ ಆಸ್ಟಿಯೋಪಥಿ ಬೇರೆಯೇ ಆಗಿ ಬೆಳೆಯಿತು. ಕರ್ಕ್ಸ್‌ವಿಲ್‌ನಲ್ಲಿ ಓದಿದ ಜಾನ್ ಮಾರ್ಟಿನ್ ಲಿಟಲ್‌ಜಾನ್ ಎಂಬ ಸ್ಕಾಟ್ಲೆಂಡಿನವನು 1917ರಲ್ಲಿ ಲಂಡನ್ನಿನಲ್ಲಿ ಬ್ರಿಟಿಷ್ ಸ್ಕೂಲ್ ಆಫ್ ಆಸ್ಟಿಯೋಪಥಿ ಕಟ್ಟಿದ. ಬ್ರಿಟನ್, ಫ್ರಾನ್ಸ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನಂಥ ದೇಶಗಳಲ್ಲಿ ಆಸ್ಟಿಯೋಪಾತ್ ಎಂದರೆ ಎಂ.ಬಿ.ಬಿ.ಎಸ್. ಮಾಡಿದ ಡಾಕ್ಟರ್ ಅಲ್ಲ. ಕೈಯಿಂದ ಚಿಕಿತ್ಸೆ ಕೊಡುವ ಪ್ರತ್ಯೇಕ ವೃತ್ತಿಯವರು. ನೌಕರಿ ಜೊತೆಗೆ ಓದುವ ಪ್ರಶ್ನೆ ಏಳುವುದು ಈ ಎರಡನೆಯ ದಾರಿಯಲ್ಲಿ. ಅದರಲ್ಲೂ ಬ್ರಿಟನ್ನಿನಲ್ಲಿ ಇದಕ್ಕೆ ಸರಿಯಾದ ವ್ಯವಸ್ಥೆ ಇದೆ. ಹಾಗಾಗಿ ಮುಂದಿನ ಲೆಕ್ಕಾಚಾರಕ್ಕೆಲ್ಲ ಬ್ರಿಟನ್ನನ್ನೇ ಮಾದರಿಯಾಗಿ ಇಟ್ಟುಕೊಂಡಿದ್ದೇನೆ.

ಅವರು ಮಾಡುವುದಾದರೂ ಏನು?

ಬೆನ್ನು, ಕುತ್ತಿಗೆ, ಭುಜ, ಮಂಡಿ. ಇವುಗಳ ನೋವೇ ಜಾಸ್ತಿ ಬರುವುದು. ಆಸ್ಟಿಯೋಪಾತ್ ಮೊದಲು ಕೂರಿಸಿಕೊಂಡು ಮಾತಾಡಿಸುತ್ತಾರೆ. ನೋವು ಯಾವಾಗ ಶುರುವಾಯಿತು, ಯಾವಾಗ ಜಾಸ್ತಿ, ಮೊದಲು ಯಾವ ಕಾಯಿಲೆ ಇತ್ತು, ಏನು ಮಾತ್ರೆ ತೆಗೆದುಕೊಳ್ಳುತ್ತೀರಿ. ಆಮೇಲೆ ಬಗ್ಗಿಸಿ, ತಿರುಗಿಸಿ, ಮುಟ್ಟಿ ನೋಡುತ್ತಾರೆ. ಕೈಯಿಡುವುದು ಇಷ್ಟೆಲ್ಲ ಆದ ಮೇಲೆ.

ಚಿಕಿತ್ಸೆಯಲ್ಲಿ ಹಲವು ಬಗೆ. ಬಿಗಿದ ಸ್ನಾಯುವನ್ನು ಒತ್ತಿ ಸಡಿಲಿಸುವುದು ಒಂದು. ಕೀಲನ್ನು ಲಯವಾಗಿ ಹಿಂದೆ ಮುಂದೆ ಆಡಿಸುವುದು ಇನ್ನೊಂದು. ‘ಈಗ ನನ್ನ ಕೈಗೆ ಎದುರಾಗಿ ತಳ್ಳಿ’ ಎಂದು ಹೇಳಿ, ರೋಗಿಯ ಬಲವನ್ನೇ ಬಳಸಿ ಸ್ನಾಯು ಹಿಗ್ಗಿಸುವುದು ಮತ್ತೊಂದು. ಎಲ್ಲರ ಕಣ್ಣಿಗೆ ಬೀಳುವುದು ಮಾತ್ರ ‘ಲಟಕ್’ ಎನ್ನಿಸುವ ಪಟ್ಟು. ಆ ಸದ್ದು ಕೇಳಿ ಮೂಳೆ ಜಾಗಕ್ಕೆ ಬಂದು ಕೂತಿತು ಅಂದುಕೊಳ್ಳುತ್ತೇವೆ. ಅದು ಹಾಗಲ್ಲ. ಬೆರಳಿನ ನೆಟಿಗೆ ಮುರಿದಾಗ ಆಗುವುದೇ ಅಲ್ಲೂ ಆಗುತ್ತದೆ. ಕೀಲಿನೊಳಗೆ ಎಣ್ಣೆಯಂಥ ದ್ರವ ಇದೆ. ಕೀಲು ತಟ್ಟನೆ ಅಗಲಿದಾಗ ಒಳಗಿನ ಒತ್ತಡ ಇಳಿದು ಅನಿಲದ ಗುಳ್ಳೆ ಏಳುತ್ತದೆ. ಸದ್ದು ಬರುವುದು ಅದಕ್ಕೆ ನಂಟಾಗಿ. ಒಮ್ಮೆ ನೆಟಿಗೆ ಮುರಿದ ಬೆರಳನ್ನೇ ಕೂಡಲೇ ಮತ್ತೆ ಮುರಿಯಲು ಆಗುವುದಿಲ್ಲ, ಗಮನಿಸಿದ್ದೀರಾ? ಒಳಗೆ ಮತ್ತೆ ಮೊದಲಿನ ಸ್ಥಿತಿ ಬರಲು ಸ್ವಲ್ಪ ಹೊತ್ತು ಬೇಕು.

ಫಿಸಿಯೋಥೆರಪಿಸ್ಟ್, ಕೈರೋಪ್ರ್ಯಾಕ್ಟರ್ ಕೆಲಸಕ್ಕೂ ಇದಕ್ಕೂ ಅಂಚುಗಳು ಬೆರೆತೇ ಇವೆ. ಫಿಸಿಯೋ ಕಡೆ ವ್ಯಾಯಾಮ, ಆಸ್ಪತ್ರೆಯ ಪುನರ್ವಸತಿ ಕೆಲಸ ಜಾಸ್ತಿ. 1895ರಲ್ಲಿ ಅಮೆರಿಕದಲ್ಲೇ ಶುರುವಾದ ಕೈರೋಪ್ರ್ಯಾಕ್ಟಿಕ್ ಕಡೆ ಬೆನ್ನುಮೂಳೆಯ ಮೇಲೆ ಕಣ್ಣು ಜಾಸ್ತಿ.

ಪುರಾವೆ ಏನು ಹೇಳುತ್ತದೆ ಎಂಬುದನ್ನೂ ಓದಲು ಹೊರಟವರು ತಿಳಿದಿರಬೇಕು. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲಿ ಸೊಂಟ ನೋವಿಗೆ ಮಾರ್ಗಸೂಚಿ ಹೊರಡಿಸಿತು. ಕೈಚಿಕಿತ್ಸೆಯನ್ನು ಪರಿಗಣಿಸಬಹುದು, ಆದರೆ ವ್ಯಾಯಾಮದ ಜೊತೆಗೆ ಮಾತ್ರ, ಅದೊಂದೇ ಆಗಿ ಬೇಡ ಎಂಬುದು ಅದರ ತಿರುಳು. ಬೆನ್ನು, ಕೀಲು ಬಿಟ್ಟು ಬೇರೆ ಕಾಯಿಲೆಗಳಿಗೆ ಆಸ್ಟಿಯೋಪಥಿ ಕೆಲಸ ಮಾಡುತ್ತದೆ ಎನ್ನಲು ಆಧಾರ ತೆಳು. ತಲೆಬುರುಡೆಯ ಮೂಳೆಗಳ ಸೂಕ್ಷ್ಮ ಚಲನೆ ಕೈಗೆ ಸಿಗುತ್ತದೆ ಎನ್ನುವ ‘ಕ್ರೇನಿಯಲ್’ ಶಾಖೆಗಂತೂ ಇನ್ನೂ ತೆಳು. ಇದನ್ನು ಸೇರುವ ಮುಂಚೆಯೇ ತಿಳಿದುಕೊಂಡರೆ ಒಳ್ಳೆಯದು. ಮೂರನೇ ವರ್ಷದಲ್ಲಿ ಸಂಶೋಧನಾ ಪ್ರಬಂಧ ಓದುವಾಗ ಗೊತ್ತಾದರೆ ಎದೆ ಧಸಕ್ ಎನ್ನುತ್ತದೆ.

ಕೋರ್ಸಿಗಿಂತ ಮೊದಲು ಕಾನೂನು

ಬ್ರಿಟನ್ನಿನಲ್ಲಿ 1993ರ ಆಸ್ಟಿಯೋಪಾತ್ಸ್ ಆಕ್ಟ್ ಈ ವೃತ್ತಿಗೆ ಬೇಲಿ ಹಾಕಿತು. ಜನರಲ್ ಆಸ್ಟಿಯೋಪಥಿಕ್ ಕೌನ್ಸಿಲ್ ಎಂಬ ನಿಯಂತ್ರಣ ಸಂಸ್ಥೆ ಇದೆ. ಅದರ ಪಟ್ಟಿಯಲ್ಲಿ ಹೆಸರಿಲ್ಲದವರು ತಮ್ಮನ್ನು ‘ಆಸ್ಟಿಯೋಪಾತ್’ ಎಂದು ಕರೆದುಕೊಂಡರೆ ಅದು ಅಪರಾಧ. ಪಟ್ಟಿಗೆ ಸೇರಬೇಕಾದರೆ ಆ ಕೌನ್ಸಿಲ್ ಒಪ್ಪಿದ ಪದವಿಯೇ ಬೇಕು.

ಎಲ್ಲ ದೇಶವೂ ಹೀಗಿಲ್ಲ. ಫ್ರಾನ್ಸ್ 2002ರಲ್ಲಿ ಈ ಬಿರುದನ್ನು ಕಾನೂನಿನೊಳಗೆ ತಂದಿತು. 2014ರ ಆದೇಶದ ಪ್ರಕಾರ ಅಲ್ಲಿ ಐದು ವರ್ಷ, 4860 ಗಂಟೆಗಳ ತರಬೇತಿ ಬೇಕು. ಜರ್ಮನಿಯಲ್ಲಿ ಆಸ್ಟಿಯೋಪಾತ್ ಎಂಬ ವೃತ್ತಿಗೇ ಪ್ರತ್ಯೇಕ ಕಾನೂನಿಲ್ಲ. ಸ್ವತಂತ್ರವಾಗಿ ಚಿಕಿತ್ಸೆ ಕೊಡಬೇಕಾದರೆ ಡಾಕ್ಟರಾಗಿರಬೇಕು, ಇಲ್ಲವೇ ಡಾಕ್ಟರಲ್ಲದವರಿಗೆ ಚಿಕಿತ್ಸೆ ಕೊಡಲು ಅಲ್ಲಿ ಸಿಗುವ ‘ಹೈಲ್‌ಪ್ರಾಕ್ಟಿಕರ್’ ಪರವಾನಗಿ ಇರಬೇಕು. ಅಲ್ಲಿ ಫಿಸಿಯೋಗಳು ಕೆಲಸ ಮಾಡುತ್ತಲೇ ವಾರಾಂತ್ಯದಲ್ಲಿ ಆಸ್ಟಿಯೋಪಥಿ ಕಲಿಯುವುದು ಮಾಮೂಲು.

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ತರಬೇತಿಗೊಂದು ಅಳತೆಗೋಲು ಕೊಟ್ಟಿದೆ. ವೈದ್ಯಕೀಯ ಹಿನ್ನೆಲೆ ಇಲ್ಲದವರಿಗೆ 4200 ಗಂಟೆ. ಅದರಲ್ಲಿ ಕನಿಷ್ಠ 1000 ಗಂಟೆ ರೋಗಿಗಳ ಜೊತೆ, ಗುರುಗಳ ಕಣ್ಣೆದುರು. ಈಗಾಗಲೇ ಆರೋಗ್ಯ ವೃತ್ತಿಯಲ್ಲಿ ಇರುವವರಿಗೆ ಚಿಕ್ಕ ದಾರಿಯೂ ಇದೆ.

ಈ 4200 ತಲೆಯಲ್ಲಿಟ್ಟುಕೊಂಡು ಆ ‘ಕೆಲವೇ ವಾರ’ದ ಸರ್ಟಿಫಿಕೇಟನ್ನು ಮತ್ತೊಮ್ಮೆ ನೋಡಿ. ಅದರಿಂದ ವಿಷಯದ ಪರಿಚಯ ಆಗಬಹುದು. ಬಾಗಿಲಿಗೆ ಬೋರ್ಡ್ ಹಾಕಿಕೊಳ್ಳುವ ಹಕ್ಕು ಬರುವುದಿಲ್ಲ. ನೀವು ಎಲ್ಲಿ ಓದುತ್ತೀರಿ ಅನ್ನುವುದಕ್ಕಿಂತ ಎಲ್ಲಿ ಕೆಲಸ ಮಾಡುತ್ತೀರಿ ಅನ್ನುವುದು ಮುಖ್ಯ. ಆ ದೇಶದ ನಿಯಂತ್ರಣ ಸಂಸ್ಥೆಯ ಪಟ್ಟಿಯಲ್ಲಿ ನಿಮ್ಮ ಕೋರ್ಸ್ ಇದೆಯೇ, ಮೊದಲು ಅದನ್ನು ನೋಡಿ. ಬಣ್ಣದ ಬ್ರೋಷರ್ ಆಮೇಲೆ ತೆರೆದರಾಯಿತು.

ಪಾರ್ಟ್‌ಟೈಮ್ ಅಂದರೆ ಎಷ್ಟು ಟೈಮ್?

‘ಪಾರ್ಟ್‌ಟೈಮ್’ ಎಂಬ ಮಾತೇ ಮೋಸದ್ದು. ಓದು ಅರ್ಧ ಆಗುತ್ತದೆ ಅನ್ನುವ ಭಾವನೆ ಬರುತ್ತದೆ. ಓದು ಅಷ್ಟೇ ಇರುತ್ತದೆ, ಹರಡಿಕೊಳ್ಳುವ ವರ್ಷಗಳು ಮಾತ್ರ ಜಾಸ್ತಿ. ಒಂದೇ ಸೀರೆಯನ್ನು ಮಡಿಸಿಟ್ಟರೂ ಅಷ್ಟೇ ಉದ್ದ, ಹರಡಿದರೂ ಅಷ್ಟೇ ಉದ್ದ.

ಬ್ರಿಟನ್ನಿನಲ್ಲಿ ಓದನ್ನು ಕ್ರೆಡಿಟ್‌ಗಳಲ್ಲಿ ಅಳೆಯುತ್ತಾರೆ. ಒಂದು ಕ್ರೆಡಿಟ್ ಅಂದರೆ ಸುಮಾರು ಹತ್ತು ಗಂಟೆಯ ಓದು. ಪಾಠ, ಅಭ್ಯಾಸ, ಮನೆಯಲ್ಲಿ ಓದುವುದು, ಬರೆಯುವುದು ಎಲ್ಲ ಸೇರಿ. ಪೂರ್ಣಾವಧಿ ಓದಿದರೆ ವರ್ಷಕ್ಕೆ 120 ಕ್ರೆಡಿಟ್. ಆಸ್ಟಿಯೋಪಥಿಯಲ್ಲಿ ಬಿ.ಎಸ್ಸಿ. ಆನರ್ಸ್ ಇದೆ, ಪದವಿ ಸ್ನಾತಕೋತ್ತರ ಎರಡೂ ಸೇರಿದ ಎಂ.ಆಸ್ಟ್. ಕೂಡ ಇದೆ. ಎಂ.ಆಸ್ಟ್‌ನಂಥ ಕೋರ್ಸಿಗೆ 480 ಕ್ರೆಡಿಟ್, ಅಂದರೆ 4800 ಗಂಟೆ.

ಇದನ್ನು ಐದು ವರ್ಷಕ್ಕೆ ಹಂಚಿ. ವರ್ಷಕ್ಕೆ 960 ಗಂಟೆ. ರಜೆ ಕಳೆದು ವರ್ಷಕ್ಕೆ 40 ವಾರ ಓದುತ್ತೀರಿ ಅಂದುಕೊಂಡರೆ ವಾರಕ್ಕೆ 24 ಗಂಟೆ. ಆರು ವರ್ಷಕ್ಕೆ ಹಂಚಿದರೆ ವಾರಕ್ಕೆ 20.

ಈಗ ವಾರದ ಲೆಕ್ಕ ಹಾಕೋಣ. ವಾರಕ್ಕೆ ಇರುವುದು 168 ಗಂಟೆ. ರಾತ್ರಿ ಎಂಟು ಗಂಟೆ ನಿದ್ದೆ ಅಂದರೆ 56 ಹೋಯಿತು. ಆಫೀಸು 40, ಓಡಾಟ ಎಂಟು. ಓದಿಗೆ 24. ಉಳಿಯುವುದು 40 ಗಂಟೆ. ದಿನಕ್ಕೆ ಆರು ಗಂಟೆಯೂ ಇಲ್ಲ. ಅಡುಗೆ, ಊಟ, ಸ್ನಾನ, ಬಟ್ಟೆ, ಮಕ್ಕಳ ಶಾಲೆ, ವಯಸ್ಸಾದ ಅಪ್ಪ ಅಮ್ಮ, ಜ್ವರ, ನೆಂಟರು ಎಲ್ಲ ಇದರೊಳಗೇ. ಇದು ಅಸಾಧ್ಯ ಅಂತ ನಾನು ಹೇಳುತ್ತಿಲ್ಲ. ಹೀಗೆ ಓದಿ ಮುಗಿಸಿದವರಿದ್ದಾರೆ. ಆದರೆ ನಿರ್ಧಾರ ಮಾಡುವಾಗ ಮನೆಯವರೂ ಆ ಕಾಗದದ ಮುಂದೆ ಕೂತಿರಬೇಕು. 24 ಗಂಟೆ ಬರುವುದು ಅವರ ಪಾಲಿನಿಂದಲೂ ತಾನೇ.

ಪಾರ್ಟ್‌ಟೈಮ್ ಪಾಠಗಳು ಸಾಮಾನ್ಯವಾಗಿ ವಾರಾಂತ್ಯದಲ್ಲಿ ಇರುತ್ತವೆ, ವರ್ಷಕ್ಕೆ ಕೆಲವು ಸಲ ಒಂದಷ್ಟು ದಿನ ಒಟ್ಟಿಗೆ ನಡೆಯುತ್ತವೆ. ಉಪನ್ಯಾಸಗಳು ಹಲವು ಕಡೆ ಆನ್‌ಲೈನ್. ಅಂಗರಚನೆ, ಶರೀರಕ್ರಿಯೆ, ರೋಗಶಾಸ್ತ್ರ, ನರಗಳ ಪಾಠ. ಇವನ್ನೆಲ್ಲ ರಾತ್ರಿ ಹತ್ತರ ಮೇಲೆ ಓದಬಹುದು, ರೈಲಿನಲ್ಲಿ ಕೇಳಬಹುದು. ದೊಡ್ಡವರಲ್ಲಿ 206 ಮೂಳೆ. ಅವುಗಳ ಹೆಸರಷ್ಟೇ ಸಾಲದು, ಯಾವ ಸ್ನಾಯು ಎಲ್ಲಿಂದ ಹೊರಟು ಎಲ್ಲಿ ಅಂಟಿದೆ, ಅದಕ್ಕೆ ಯಾವ ನರ ಎಂಬುದೂ ಬಾಯಿಗೆ ಬರಬೇಕು. ದಿನಕ್ಕೆ ಅರ್ಧ ಗಂಟೆಯಂತೆ ಬಿಡದೆ ಓದುವುದೇ ಇದಕ್ಕೆ ಸರಿ. ಪರೀಕ್ಷೆಯ ಹಿಂದಿನ ರಾತ್ರಿ ನುಂಗಿದ್ದು ಕೀಲಿನ ಮೇಲೆ ಕೈಯಿಟ್ಟಾಗ ನೆನಪಿಗೆ ಬರುವುದಿಲ್ಲ.

ಬೆರಳಿಗೆ ಕಣ್ಣು ಬರಬೇಕು

ಪುಸ್ತಕ ಒಂದು ಕಡೆ. ಈ ವೃತ್ತಿಯ ಅರ್ಧ ಜೀವ ಬೆರಳ ತುದಿಯಲ್ಲಿದೆ.

ಹೊಸಬರಿಗೆ ಕೊಡುವ ಹಳೆಯ ಅಭ್ಯಾಸ ಒಂದಿದೆ. ಮೇಜಿನ ಮೇಲೆ ಒಂದು ತಲೆಗೂದಲು ಇಡಿ. ಅದರ ಮೇಲೊಂದು ಹಾಳೆ. ಕಣ್ಣು ಮುಚ್ಚಿ, ಬೆರಳಾಡಿಸಿ ಕೂದಲು ಎಲ್ಲಿದೆ ಹುಡುಕಿ. ಸಿಕ್ಕಿತೇ? ಇನ್ನೊಂದು ಹಾಳೆ ಇಡಿ. ಮತ್ತೊಂದು. ಮೊದಲ ದಿನ ಎರಡು ಮೂರು ಹಾಳೆಗೇ ಕೂದಲು ಮಾಯ. ಕೆಲವು ವಾರ ಬಿಡದೆ ಮಾಡಿದರೆ ಹಾಳೆಗಳ ಸಂಖ್ಯೆ ಏರುತ್ತದೆ. ಮನೆಯಲ್ಲೇ ಸುಮ್ನೆ ಮಾಡಿ ನೋಡಿ, ಖರ್ಚೇನೂ ಇಲ್ಲ.

ಇದು ಹೇಗೆ ಸಾಧ್ಯ? ಬೆರಳ ತುದಿಯಲ್ಲಿ ಸ್ಪರ್ಶದ ನರತುದಿಗಳು ದಟ್ಟವಾಗಿವೆ. ಎರಡು ಮೊನೆಗಳನ್ನು ಎರಡು ಮೂರು ಮಿಲಿಮೀಟರ್ ಅಂತರದಲ್ಲಿ ತಾಗಿಸಿದರೂ ಬೆರಳಿಗೆ ಎರಡು ಎಂದು ಗೊತ್ತಾಗುತ್ತದೆ. ಬೆನ್ನಿನ ಮೇಲಾದರೆ ಸುಮಾರು ನಾಲ್ಕು ಸೆಂಟಿಮೀಟರ್ ದೂರ ಇಟ್ಟರೆ ಮಾತ್ರ ಎರಡು, ಇಲ್ಲದಿದ್ದರೆ ಒಂದೇ ಚುಚ್ಚು. ಆ ಚುರುಕು ಬೆರಳನ್ನು ಬಳಸಲು ಮೆದುಳು ಕಲಿಯಬೇಕು. ಕೈ ಪಳಗುವುದು ಅನ್ನುತ್ತೇವಲ್ಲ, ಅದು ಇದೇ.

ಕೈಕೆಲಸವನ್ನು ಒಂದೇ ಉಸಿರಿಗೆ ಕಲಿಯುವುದಕ್ಕಿಂತ ನಡುನಡುವೆ ಬಿಡುವು ಕೊಟ್ಟು ಕಲಿತರೆ ಚೆನ್ನಾಗಿ ಕೂರುತ್ತದೆ. ನಿದ್ದೆಯಲ್ಲಿ ಮೆದುಳು ಆ ಪಾಠವನ್ನು ಗಟ್ಟಿ ಮಾಡಿಕೊಳ್ಳುತ್ತದೆ. ಹಾಗೆ ನೋಡಿದರೆ ಐದಾರು ವರ್ಷದ ನಿಧಾನದ ಓದಿನಿಂದ ಕೈಗೆ ಲಾಭವೇ ಇದೆ. ಆದರೆ ಬಿಡುವು ಬೇರೆ, ಮರೆವು ಬೇರೆ. ಎರಡು ವಾರಕ್ಕೊಮ್ಮೆ ಕ್ಲಾಸಿನಲ್ಲಿ ಮುಟ್ಟಿ, ನಡುವೆ ಒಂದು ಬೆನ್ನನ್ನೂ ಮುಟ್ಟದಿದ್ದರೆ ಪ್ರತಿ ಸಲವೂ ಮೊದಲಿನಿಂದಲೇ ಶುರು. ಹಾಗಾಗಿ ಮನೆಯವರ ಬೆನ್ನು, ಸ್ನೇಹಿತರ ಭುಜ ಎಲ್ಲ ಅಭ್ಯಾಸಕ್ಕೆ ಬೇಕು. ಮುಟ್ಟಿ ಗುರುತು ಹಿಡಿಯುವ ಅಭ್ಯಾಸ ಮಾತ್ರ. ಆ ‘ಲಟಕ್’ ಪಟ್ಟನ್ನು ಗುರುಗಳಿಲ್ಲದೆ ಮನೆಯಲ್ಲಿ ಪ್ರಯೋಗಿಸಬಾರದು.

ಇನ್ನೊಂದು ವಿಷಯ, ಯಾರೂ ಮೊದಲೇ ಹೇಳುವುದಿಲ್ಲ. ಪ್ರಾಯೋಗಿಕ ತರಗತಿಯಲ್ಲಿ ವಿದ್ಯಾರ್ಥಿಗಳೇ ಒಬ್ಬರಿಗೊಬ್ಬರು ರೋಗಿಗಳು. ಬೆನ್ನು ನೋಡಬೇಕಾದರೆ ಮೇಲುಬಟ್ಟೆ ತೆಗೆಯಬೇಕಾಗುತ್ತದೆ. ನಲವತ್ತರ ವಯಸ್ಸಿನಲ್ಲಿ ಇಪ್ಪತ್ತರ ಸಹಪಾಠಿಗಳ ಮುಂದೆ ಇದು ಮುಜುಗರ. ಸಂಕೋಚವೋ ನಂಬಿಕೆಯೋ ಅಡ್ಡ ಬಂದರೆ ಸೇರುವ ಮೊದಲೇ ಕಾಲೇಜಿನಲ್ಲಿ ಕೇಳಿ. ಒಂದು ಲಾಭವೂ ಇದೆ ಅನ್ನಿ. ಅಪರಿಚಿತರ ಕೈ ಮೈಮೇಲೆ ಬಿದ್ದಾಗ ಹೇಗನ್ನಿಸುತ್ತದೆ ಎಂದು ತಿಳಿದವರು ಮುಂದೆ ರೋಗಿಯ ಒಪ್ಪಿಗೆ ಕೇಳದೆ ಕೈಯಿಡುವುದಿಲ್ಲ.

ಸಾವಿರ ಗಂಟೆಯ ಗಂಟು

ಕೆಲಸ ಮಾಡುತ್ತಾ ಓದುವವರು ಎಡವುವುದು ಪರೀಕ್ಷೆಯಲ್ಲಿ ಅಲ್ಲ, ಕ್ಲಿನಿಕ್‌ನಲ್ಲಿ.

ಬ್ರಿಟನ್ನಿನಲ್ಲೂ ಸುಮಾರು 1000 ಗಂಟೆ ಕ್ಲಿನಿಕ್ ತರಬೇತಿ ಆಗಬೇಕು. ಕಾಲೇಜುಗಳು ತಮ್ಮದೇ ಬೋಧನಾ ಕ್ಲಿನಿಕ್ ನಡೆಸುತ್ತವೆ. ಹೊರಗಿಗಿಂತ ಕಡಿಮೆ ಶುಲ್ಕಕ್ಕೆ ಅಲ್ಲಿಗೆ ರೋಗಿಗಳು ಬರುತ್ತಾರೆ. ಮೊದಲ ವರ್ಷಗಳಲ್ಲಿ ನೀವು ಮೂಲೆಯಲ್ಲಿ ನಿಂತು ಹಿರಿಯರನ್ನು ನೋಡುತ್ತೀರಿ. ಆಮೇಲೆ ರೋಗಿಯ ಕಥೆ ಕೇಳಿ ಬರೆದುಕೊಳ್ಳುತ್ತೀರಿ. ಕೊನೆಯ ವರ್ಷಗಳಲ್ಲಿ ರೋಗಿ ನಿಮ್ಮವರೇ. ಪರೀಕ್ಷಿಸಿ, ಹೊರಗೆ ಬಂದು ಗುರುಗಳಿಗೆ ‘ನನಗೆ ಹೀಗನ್ನಿಸುತ್ತದೆ, ಕಾರಣ ಇದು, ಹೀಗೆ ಮಾಡಬೇಕೆಂದಿದ್ದೇನೆ’ ಎಂದು ಒಪ್ಪಿಸಬೇಕು. ಅವರು ಹೂಂ ಅಂದ ಮೇಲೆ ಚಿಕಿತ್ಸೆ.

ಲೆಕ್ಕ ನೋಡಿ. ವಾರಕ್ಕೆ ಒಂದು ದಿನ, ಏಳು ಗಂಟೆ ಕ್ಲಿನಿಕ್ ಮಾಡಿದರೆ ಸಾವಿರ ಗಂಟೆಗೆ 143 ವಾರ ಬೇಕು. ವರ್ಷಕ್ಕೆ 40 ವಾರದಂತೆ ಮೂರೂವರೆ ವರ್ಷ. ಎರಡು ದಿನ ಮಾಡಿದರೆ ಅರ್ಧ ಸಾಕು. ಆದರೆ ವಾರದ ಎರಡು ದಿನ ಆಫೀಸಿಗೆ ಏನು ಹೇಳುತ್ತೀರಿ? ರೋಗಿಗಳು ನಿಮ್ಮ ಅನುಕೂಲ ನೋಡಿಕೊಂಡು ರಾತ್ರಿ ಹತ್ತಕ್ಕೆ ಬರುವುದಿಲ್ಲ. ಕೆಲವು ಕ್ಲಿನಿಕ್‌ಗಳು ಸಂಜೆ, ಶನಿವಾರ ತೆರೆದಿರುತ್ತವೆ. ಕೆಲವು ಇಲ್ಲ. ಹಲವರು ವರ್ಷದ ರಜೆಯನ್ನೆಲ್ಲ ಕ್ಲಿನಿಕ್‌ಗೇ ಸುರಿಯುತ್ತಾರೆ. ಐದು ವರ್ಷ ಪ್ರವಾಸ ಇಲ್ಲ ಅಂತ ಅರ್ಥ.

ಹಾಗಾಗಿ ಕಾಲೇಜಿಗೆ ಕೇಳಬೇಕಾದ ಮೊದಲ ಪ್ರಶ್ನೆ ಶುಲ್ಕದ್ದಲ್ಲ. ‘ಕ್ಲಿನಿಕ್ ಯಾವ್ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟರವರೆಗೆ? ಪಾರ್ಟ್‌ಟೈಮ್‌ನವರಿಗೆ ಯಾವ ಪಾಳಿ ಸಿಗುತ್ತದೆ? ಮಗುವಿಗೆ ಹುಷಾರಿಲ್ಲದೆ ತಪ್ಪಿಹೋದ ಗಂಟೆಗಳನ್ನು ಹೇಗೆ ತುಂಬಬೇಕು?’ ಇದಕ್ಕೆ ನೇರ ಉತ್ತರ ಬರದಿದ್ದರೆ ಹುಷಾರು.

ಬ್ರಿಟನ್ನಿನಲ್ಲಿ ಕೆಲಸದ ವೇಳೆ ಬದಲಿಸಿಕೊಡಿ ಎಂದು ಕೇಳುವ ಹಕ್ಕು ಉದ್ಯೋಗಿಗೆ ಮೊದಲ ದಿನದಿಂದಲೇ ಇದೆ. 2024ರ ಏಪ್ರಿಲ್‌ನಿಂದ ಆ ನಿಯಮ. ಕೇಳುವ ಹಕ್ಕು ಅಷ್ಟೇ. ಒಪ್ಪಲೇಬೇಕು ಅಂತಿಲ್ಲ. ಆದರೂ ನಾಲ್ಕು ದಿನದ ವಾರಕ್ಕೆ ಇಳಿಯಬಹುದೇ ಎಂಬ ಮಾತನ್ನು ಮೊದಲ ವರ್ಷದಲ್ಲೇ ಎತ್ತಿಡುವುದು ಜಾಣತನ. ಕ್ಲಿನಿಕ್ ಭಾರ ಬೀಳುವುದು ಕೊನೆಯ ವರ್ಷಗಳಲ್ಲಿ.

ಬೆನ್ನು ಒತ್ತಲು ಇಷ್ಟು ಓದು ಯಾಕೆ?

ನೂರು ಸೊಂಟ ನೋವುಗಳಲ್ಲಿ ಹೆಚ್ಚಿನವು ಮಾಮೂಲು. ಆದರೆ ಅಪರೂಪಕ್ಕೆ ಒಂದು ಹಾಗಿರುವುದಿಲ್ಲ. ಬೆನ್ನುಮೂಳೆಯ ಕೆಳಗೆ ಕುದುರೆ ಬಾಲದ ಹಾಗೆ ಹರಡಿಕೊಂಡ ನರಗಳ ಗೊಂಚಲಿದೆ. ಅದು ಅದುಮಿಕೊಂಡರೆ ತೊಡೆಸಂದು, ಆಸನದ ಭಾಗ ಮರಗಟ್ಟುತ್ತದೆ, ಮೂತ್ರ ಕಟ್ಟುತ್ತದೆ. ಇದು ತುರ್ತು. ಗಂಟೆಗಳ ಲೆಕ್ಕದಲ್ಲಿ ಆಸ್ಪತ್ರೆ ಸೇರಬೇಕು. ತಡವಾದರೆ ನರಗಳು ಶಾಶ್ವತವಾಗಿ ಹಾಳಾಗಬಹುದು. ಕ್ಯಾನ್ಸರ್ ಮೂಳೆಗೆ ಹರಡಿದ್ದರೂ ರೋಗಿ ಹೇಳುವುದು ‘ಬೆನ್ನು ನೋವು’ ಎಂದೇ. ಸವೆದ ಮೂಳೆ ಒಳಗೇ ಮುರಿದಿದ್ದರೂ ಹಾಗೇ. ಕುತ್ತಿಗೆಯ ರಕ್ತನಾಳದ ಒಳಪದರ ಹರಿದಿದ್ದರೆ ಬರುವುದು ಕುತ್ತಿಗೆ ನೋವು, ತಲೆನೋವು. ಅಂಥ ಕುತ್ತಿಗೆಯನ್ನು ಲಟಕ್ ಎನ್ನಿಸಲು ಹೋದರೆ ಪಾರ್ಶ್ವವಾಯು ಆಗುವ ಅಪಾಯ.

ಕೈಯಿಡಬಾರದ ಬೆನ್ನು ಯಾವುದು ಎಂದು ಗುರುತಿಸಿ ಡಾಕ್ಟರ ಬಳಿ ಕಳಿಸುವುದೂ ಆಸ್ಟಿಯೋಪಾತ್ ಕೆಲಸವೇ. ರೋಗಶಾಸ್ತ್ರದ ಆ ದಪ್ಪ ಪುಸ್ತಕಗಳಿರುವುದು ಇದಕ್ಕೆ.

ಯಾರು ಸೇರಬಹುದು, ದುಡ್ಡು ಹೇಗೆ, ವೀಸಾ ಏನು?

ಪ್ರವೇಶಕ್ಕೆ ಜೀವಶಾಸ್ತ್ರ ಗೊತ್ತಿದ್ದರೆ ಅನುಕೂಲ. ಓದು ಬಿಟ್ಟು ಬಹಳ ವರ್ಷ ಆಗಿದ್ದರೆ ಅಥವಾ ವಿಜ್ಞಾನ ಓದಿಲ್ಲದಿದ್ದರೆ ಮೊದಲು ‘ಆಕ್ಸೆಸ್’ ಎಂಬ ಒಂದು ವರ್ಷದ ಸೇತುವೆ ಕೋರ್ಸ್ ಮಾಡಬಹುದು. ನರ್ಸ್, ಫಿಸಿಯೋ ಮೊದಲಾದವರಿಗೆ ಮುಂಚೆ ಓದಿದ್ದನ್ನು ಲೆಕ್ಕಕ್ಕೆ ಹಿಡಿದು ಕೆಲವು ವಿಷಯಗಳಿಂದ ವಿನಾಯಿತಿ ಸಿಗಬಹುದು. ಕ್ಲಿನಿಕ್ ಗಂಟೆಗಳಲ್ಲಿ ಅಷ್ಟು ಸುಲಭಕ್ಕೆ ರಿಯಾಯಿತಿ ಸಿಗುತ್ತದೆ ಅಂದುಕೊಳ್ಳಬೇಡಿ.

ಇಂಗ್ಲೆಂಡಿನಲ್ಲಿ ನೆಲೆಸಿದ ಅರ್ಹರಿಗೆ ಪಾರ್ಟ್‌ಟೈಮ್ ಪದವಿಗೂ ಸರ್ಕಾರದ ಶುಲ್ಕ ಸಾಲ ಇದೆ. ಒಂದು ತೊಡಕು, ಈಗಾಗಲೇ ಪದವಿ ಇದ್ದವರಿಗೆ ಎರಡನೇ ಪದವಿಗೆ ಸಾಲ ಸಾಮಾನ್ಯವಾಗಿ ಸಿಗುವುದಿಲ್ಲ. ಕೆಲವು ವಿಷಯಗಳಿಗೆ ವಿನಾಯಿತಿ ಉಂಟು. ವೃತ್ತಿ ಬದಲಿಸುವವರಲ್ಲಿ ಹೆಚ್ಚಿನವರು ಪದವೀಧರರೇ ಆದ್ದರಿಂದ ಈ ಒಂದು ಪ್ರಶ್ನೆಯನ್ನು ಅರ್ಜಿ ಹಾಕುವ ಮೊದಲೇ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ. ಶುಲ್ಕದ ಮೇಲೆ ಪ್ರಯಾಣ, ಕ್ಲಿನಿಕ್ ದಿನಗಳಲ್ಲಿ ವಾಸ್ತವ್ಯ, ಚಿಕಿತ್ಸೆಯ ಮೇಜು, ಪುಸ್ತಕ ಇವೂ ಸೇರುತ್ತವೆ. ಎಲ್ಲಕ್ಕಿಂತ ದೊಡ್ಡ ಖರ್ಚು ಕಣ್ಣಿಗೆ ಕಾಣದ್ದು. ಕಡಿಮೆ ದಿನ ದುಡಿದದ್ದಕ್ಕೆ ಕಡಿಮೆಯಾದ ಸಂಬಳ.

ಬೇರೆ ದೇಶದಿಂದ ಹೋಗುವವರಿಗೆ ದೊಡ್ಡ ಅಡ್ಡಿ ವೀಸಾ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಪಾರ್ಟ್‌ಟೈಮ್ ಓದಿಗೆ ಅವಕಾಶ ಇರುವುದು ಸ್ನಾತಕೋತ್ತರ ಮಟ್ಟದ ಕೋರ್ಸುಗಳಿಗೆ. ಅಲ್ಲೂ ಪಾರ್ಟ್‌ಟೈಮ್ ವಿದ್ಯಾರ್ಥಿಗಳು ಕೆಲಸ ಮಾಡುವಂತಿಲ್ಲ. ಅಂದರೆ ‘ಅಲ್ಲಿಗೆ ಹೋಗಿ ದುಡಿಯುತ್ತಾ ಓದುತ್ತೇನೆ’ ಎಂಬ ಲೆಕ್ಕ ಆ ವೀಸಾದಲ್ಲಿ ಕೂಡಿಬರುವುದಿಲ್ಲ. ಈಗಾಗಲೇ ಕೆಲಸದ ವೀಸಾದ ಮೇಲೆ ಅಲ್ಲಿರುವವರು ಕೆಲಸದ ಜೊತೆಗೆ ಓದಬಹುದು, ಆದರೆ ಯಾವ ಕೆಲಸಕ್ಕೆ ವೀಸಾ ಕೊಟ್ಟಿದ್ದಾರೋ ಅದು ನಡೆಯುತ್ತಲೇ ಇರಬೇಕು. ಈ ನಿಯಮಗಳು ಆಗಾಗ ಬದಲಾಗುತ್ತವೆ. ಅರ್ಜಿ ಹಾಕುವ ವರ್ಷದ ನಿಯಮವನ್ನೇ ನೋಡಿ.

ಪದವಿ ಕೈಗೆ ಬಂದ ಮೇಲೆ

ಪದವಿ ಬಂದ ಮಾರನೇ ದಿನವೇ ಬೋರ್ಡ್ ಹಾಕುವಂತಿಲ್ಲ. ಕೌನ್ಸಿಲ್‌ನಲ್ಲಿ ನೋಂದಣಿ ಆಗಬೇಕು. ವೃತ್ತಿ ವಿಮೆ ಕಡ್ಡಾಯ. ನಡತೆ, ಆರೋಗ್ಯದ ಬಗ್ಗೆಯೂ ದಾಖಲೆ ಕೇಳುತ್ತಾರೆ. ಆಮೇಲೂ ಮೂರು ವರ್ಷಕ್ಕೆ 90 ಗಂಟೆ ಕಲಿಕೆ ಮುಂದುವರಿಸಬೇಕು. ಅದರಲ್ಲಿ ಅರ್ಧ, ಅಂದರೆ 45 ಗಂಟೆ, ಇತರರ ಜೊತೆ ಸೇರಿ ಕಲಿತದ್ದಾಗಿರಬೇಕು.

ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ವ್ಯವಸ್ಥೆ ಗುರುತಿಸುವ 14 ಸಹ-ಆರೋಗ್ಯ ವೃತ್ತಿಗಳಲ್ಲಿ ಆಸ್ಟಿಯೋಪಥಿಯೂ ಒಂದು. ಆದರೂ ಹೆಚ್ಚಿನ ಆಸ್ಟಿಯೋಪಾತ್‌ಗಳು ಸಂಬಳದವರಲ್ಲ, ಸ್ವಂತ ದುಡಿಮೆಯವರು. ಶುರುವಿನಲ್ಲಿ ಬೇರೆಯವರ ಕ್ಲಿನಿಕ್‌ನಲ್ಲಿ ಒಂದು ಕೋಣೆ ಹಿಡಿದು, ಬಂದ ಶುಲ್ಕದಲ್ಲಿ ಪಾಲು ಕೊಡುತ್ತಾರೆ. ರೋಗಿ ಬಂದರೆ ದುಡ್ಡು, ಬರದಿದ್ದರೆ ಇಲ್ಲ. ರಜೆಗೆ ಸಂಬಳ ಇಲ್ಲ. ದಿನವಿಡೀ ನಿಂತು ಬಾಗಿ ಕೆಲಸ ಮಾಡುವುದರಿಂದ ತಮ್ಮದೇ ಹೆಬ್ಬೆರಳು, ಮಣಿಕಟ್ಟು, ಸೊಂಟ ನೋಯಿಸಿಕೊಳ್ಳುವುದೂ ಇದೆ. ಮೇಜಿನ ಎತ್ತರ ಸರಿ ಮಾಡಿಕೊಳ್ಳಿ, ಬೆರಳಿನ ಬಲಕ್ಕಿಂತ ಮೈಭಾರ ಬಳಸಿ ಎಂದು ಗುರುಗಳು ಮೊದಲ ವರ್ಷದಿಂದಲೇ ಹೇಳುತ್ತಿರುತ್ತಾರೆ.

ಈ ಹಂತದಲ್ಲಿ ಪಾರ್ಟ್‌ಟೈಮ್ ಓದಿದವರಿಗೆ ಒಂದು ಅನುಕೂಲ ಇದೆ. ಹಳೆಯ ನೌಕರಿ ಇನ್ನೂ ಕೈಯಲ್ಲಿರುತ್ತದೆ. ರೋಗಿಗಳು ಒಬ್ಬೊಬ್ಬರಾಗಿ ಬಾಯಿಂದ ಬಾಯಿಗೆ ಕೇಳಿಕೊಂಡು ಬರಬೇಕು. ಅದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ವಾರಕ್ಕೆ ಮೂರು ದಿನ ಹಳೆಯ ಆಫೀಸು, ಎರಡು ದಿನ ಕ್ಲಿನಿಕ್. ಶನಿವಾರದ ಪಾಳಿ ತುಂಬಿದ ಮೇಲೆ ಆಫೀಸಿನ ಒಂದು ದಿನ ಬಿಡುವುದು, ಮಂಗಳವಾರವೂ ತುಂಬಿದರೆ ಇನ್ನೊಂದು.